ಚಕ್ರಧರನಿಗೆ ಪಂಚಾಮೃತ

ಶುದ್ಧ ಕನ್ನಡದಲ್ಲಿ ಮಾತನಾಡಿದರೆ ಸಂಸಾರದಲ್ಲಿ ಗೊಂದಲ ಹುಟ್ಟುವುದಿಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಗೆ ಬಲವಾದ ಕಾರಣವಿತ್ತು.

ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು ನಲವತ್ತೆಂಟು. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಎಲೆ ಅಡಿಕೆ ಕೂಡ ಮದುವೆ ಮನೆಯಲ್ಲಿ ಮಾತ್ರ. ಇರುವುದು ಒಂದೇ ಚಟ: ಕಾಮಿಕ್ಸ್. ಅದೂ ಬಿಡಿ ಸಂಚಿಕೆಗಳಲ್ಲ. ಹತ್ತಿಪ್ಪತ್ತು ಸಂಚಿಕೆಗಳನ್ನು ಒಂದುಗೂಡಿಸಿ, ದಪ್ಪ ರಟ್ಟು ಹಾಕಿ, ಇಟ್ಟಿಗೆಯಂತೆ ಮಾಡಿರುತ್ತಾರಲ್ಲ, ಅಂಥವು. "ಮಾಸ್ತರ್ರ, ಹುಡುಗರ ಪುಸ್ತಕ ಓದ್ತೀರೇನು?" ಎಂದು ಯಾರಾದರೂ ಕೇಳಿದರೆ "ಗ್ರಾಫಿಕ್ ಕಾದಂಬರಿ" ಎಂದು ಗಂಭೀರವಾಗಿ ತಿದ್ದುತ್ತೇನೆ. ಕಾದಂಬರಿ ಎಂದ ಕೂಡಲೇ ಜನ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಇಂಥ ದಪ್ಪ ಪುಸ್ತಕಗಳಿಗೆ ಸಂಗ್ರಹಕಾರರು ಆಮ್ನಿಬಸ್ ಎನ್ನುತ್ತಾರೆ. ಹೋದ ಬೇಸಿಗೆಯಲ್ಲಿ ನಾನು ಹೆಂಡತಿ ವೈಜಯಂತಿಗೆ ಬಹಳ ಸಂತೋಷದಿಂದ "ನಾಳೆ ಮುಂಜಾನೆ ಆಮ್ನಿಬಸ್ ಬರ್ತದ!" ಎಂದೆ. ಮರುದಿನ ಏಳು ಗಂಟೆಗೆ ಆಕೆ ಹೊಸ ಸೀರೆ ಉಟ್ಟು, ಎರಡು ಬ್ಯಾಗು ತುಂಬಿ, ದಾರಿಗೆಂದು ಅವಲಕ್ಕಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಾಲಿನವನಿಗೆ ನಾಲ್ಕು ದಿನ ಹಾಲು ಬೇಡವೆಂದೂ ಹೇಳಿಯಾಗಿತ್ತು. ಬಂದದ್ದು ಕೊರಿಯರ್‌ನವನು. ಕೈಯಲ್ಲಿ ರಟ್ಟಿನ ಡಬ್ಬಿ! ಆ ಅವಲಕ್ಕಿಯನ್ನು ಇಬ್ಬರೂ ನಾಲ್ಕು ದಿನ ಮಾತಿಲ್ಲದೆ ತಿಂದೆವು. ಚಹಾಕ್ಕೆ ಹಾಲಿರಲಿಲ್ಲ.

ಅಂದೇ ನಾನು ಇಂಗ್ಲಿಷಿಗೆ ಕೈಮುಗಿದೆ. ಕನ್ನಡದಲ್ಲಿ ಎಷ್ಟು ಚೆಂದದ ಪದವಿದೆ: ಸಂಪುಟ! ಬಸ್ಸೆಂದು ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನು ಮುಂದೆ ಸಂಪುಟ ಎಂದೇ ಹೇಳುವುದೆಂದು ನಿರ್ಧರಿಸಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ತಲೆದೂಗಿದೆ.

ನನ್ನ ಸಂಪುಟಗಳು ಮೂರು ಕಪಾಟು ತುಂಬಿವೆ. ಅವುಗಳಿಗೆ ಕೆಲವು ನಿಯಮಗಳಿವೆ. ಕೈ ತೊಳೆದು ಒರೆಸಿಕೊಳ್ಳದೆ ಮುಟ್ಟುವಂತಿಲ್ಲ. ಊಟ ಮಾಡುತ್ತ ತೆರೆಯುವಂತಿಲ್ಲ. ಅರಿಶಿನದ ಕೈ ಹತ್ತಿರ ಸುಳಿಯುವಂತಿಲ್ಲ. ನೆಲಕ್ಕೆ ಇಡುವಂತಿಲ್ಲ. ಪುಸ್ತಕದ ಮುಂದೆ ಸೀನುವಂತಿಲ್ಲ! ವೈಜಯಂತಿಯ ತವರು ಮಾನ್ವಿ. ಆಕೆಯ ತಂದೆ ಗುಂಡಾಚಾರ್ಯರು ಗುಡಿಯ ಪೂಜೆ ಮಾಡಿಕೊಂಡಿರುವ ಎಪ್ಪತ್ತೆಂಟು ವರ್ಷದ ಕಟ್ಟಾ ಮಡಿವಂತರು. ಅವರು ನಮ್ಮ ಮನೆಗೆ ಬಂದು, ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ "ಮುಟ್ಟಬ್ಯಾಡ್ರಿ, ಮಡ್ಯಾಗ ಇದ್ದೀನಿ!" ಎಂದು ಎರಡೂ ಕೈ ಮೇಲೆತ್ತಿ ನಡೆಯುವಾಗಲೆಲ್ಲ ನಾನು ಮುಖ ತಿರುಗಿಸಿ ನಗುತ್ತಿದ್ದೆ.

"ಈ ಕಾಲದಾಗೂ ಮಡಿ ಏನು, ಮೈಲಿಗಿ ಏನು!" ಎಂದು ಒಮ್ಮೆ ಹೆಂಡತಿಯ ಮುಂದೆ ಅಂದೆ.

ಆಕೆ ಆಗ ನನ್ನ ಕಪಾಟಿನ ಧೂಳು ಒರೆಸುತ್ತಿದ್ದಳು, ನಾನೇ ಕಡ್ಡಾಯ ಮಾಡಿದ್ದ ಬಿಳಿ ಕೈಗವಸು ಹಾಕಿಕೊಂಡು. ನನ್ನನ್ನೊಮ್ಮೆ, ಕೈಗವಸನ್ನೊಮ್ಮೆ ನೋಡಿದಳು. "ಹೌದ್ರೀ, ಖರೇ ಅದ," ಎಂದಳು, ಅಷ್ಟೇ. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಮೂರನೆಯ ಕಪಾಟು ತುಂಬಿದ ದಿನ ಆಕೆ ಕೊನೆಯ ಆದೇಶ ಹೊರಡಿಸಿದಳು. "ಇನ್ನೊಂದು ಪುಸ್ತಕ ಈ ಹೊಸ್ತಿಲ ದಾಟಿ ಒಳಗ ಬಂತಂದ್ರ, ನಾ ಹೊಸ್ತಿಲ ದಾಟಿ ಹೊರಗ ಹೋಗ್ತೀನಿ. ನನ್ನ ಉಪ್ಪಿನಕಾಯಿ ಭರಣಿ ಮಂಚದ ಕೆಳಗ ಕೂತಾವ. ಅವಕ್ಕ ಮರ್ಯಾದಿ ಇಲ್ಲೇನು?"

ನಾನು ಒಪ್ಪಿದೆ. ಮನಸ್ಸಿನಲ್ಲಿ ಮಾತ್ರ ಒಂದು ಪುಸ್ತಕಕ್ಕೆ ವಿನಾಯಿತಿ ಇಟ್ಟುಕೊಂಡಿದ್ದೆ.

ಆ ಪುಸ್ತಕವೇ 'ಚಕ್ರಧರ', ಎರಡನೆಯ ಸಂಪುಟ.

ಚಕ್ರಧರ ಹಗಲಿನಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಕತ್ತಲಾದರೆ ಮುಖವಾಡ ಹಾಕಿಕೊಂಡು, ಸೈಕಲ್ಲಿನ ಹಲ್ಲುಚಕ್ರ ಬೀಸಿ ಕಳ್ಳರನ್ನು ಉರುಳಿಸುತ್ತಾನೆ. ಎಂಟನೆಯ ತರಗತಿಯಲ್ಲಿದ್ದಾಗ ಮೊದಲನೆಯ ಸಂಪುಟ ಓದಿದೆ. ಅದರ ಕೊನೆಯ ಪುಟದಲ್ಲಿ ಚಕ್ರಧರ ದೊಡ್ಡ ಚಿಮಣಿಯ ತುದಿಯಿಂದ ಕೆಳಗೆ ಬೀಳುತ್ತಿದ್ದಾನೆ. ಮೇಲೆ ಅವನ ಶತ್ರು ಕರಿಮುಖ ನಗುತ್ತ ತನ್ನ ಮುಖವಾಡಕ್ಕೆ ಕೈ ಹಾಕಿದ್ದಾನೆ. ಮುಗಿಯಿತು! ಕಾಲೇಜಿನಲ್ಲಿದ್ದಾಗ ಮೂರನೆಯ ಸಂಪುಟ ಸಿಕ್ಕಿತು. ಅದರ ಮೊದಲ ಪುಟದಲ್ಲಿ ಚಕ್ರಧರನಿಗೆ ಮದುವೆಯಾಗಿದೆ, ಕುಳಿತು ಹೋಳಿಗೆ ತಿನ್ನುತ್ತಿದ್ದಾನೆ! ಹೇಗೆ ಪಾರಾದ? ಕರಿಮುಖ ಯಾರು? ಆ ಪುಸ್ತಕದಲ್ಲಿ ಎಲ್ಲರಿಗೂ ಗೊತ್ತಿದೆ, ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂವತ್ತೈದು ವರ್ಷ ನಾನು ಆ ಎರಡನೆಯ ಸಂಪುಟ ಹುಡುಕಿದೆ. ಪೊಲೀಸ್ ಫೌಜದಾರನೇ ಕರಿಮುಖ ಎಂಬುದು ನನ್ನ ಸಿದ್ಧಾಂತ. ಮೊದಲ ರಾತ್ರಿ ವೈಜಯಂತಿಗೂ ಇದನ್ನೇ ವಿವರಿಸಿದ್ದೆ. ಆಕೆ ಇನ್ನೂ ನೆನಪಿಟ್ಟಿದ್ದಾಳೆ.

ಈಗ ಎರಡು ತಿಂಗಳ ಹಿಂದೆ ನಮ್ಮ 'ಸಂಪುಟ ಸ್ನೇಹಿತರು' ಎಂಬ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಎರಡನೆಯ ಸಂಪುಟ! ಇಟ್ಟುಕೊಂಡವರು ದೇವದುರ್ಗದ ಭೀಮಣ್ಣ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಶಿಯನ್ ಆಗಿದ್ದು ನಿವೃತ್ತರಾದವರು. ಅವರ ಮೊದಲನೆಯ ಸಂಪುಟವನ್ನು ಗೆದ್ದಲು ತಿಂದಿತ್ತು. ನನ್ನ ಹತ್ತಿರ ಮೊದಲನೆಯದರ ಎರಡು ಪ್ರತಿ ಇದ್ದವು. ಅದಲು ಬದಲು ಎಂದು ಮಾತಾಯಿತು. ವೈಜಯಂತಿ ತವರಿಗೆ ಹೋಗಿದ್ದ ಒಂದು ರವಿವಾರ ನೋಡಿಕೊಂಡು, "ಯರಗೇರಾದಾಗ ಶಿಕ್ಷಕರ ತರಬೇತಿ ಅದ" ಎಂದು ಫೋನಿನಲ್ಲಿ ಸುಳ್ಳು ಹೇಳಿ, ದೇವದುರ್ಗದ ಬಸ್ಸು ಹತ್ತಿದೆ.

ಭೀಮಣ್ಣ ಬಾಗಿಲಲ್ಲೇ ನಿಲ್ಲಿಸಿದರು. "ಬರ್ರಿ ಸರ, ಬರ್ರಿ. ಮೊದಲ ಕೈ ತೊಳಕೊಳ್ರಿ."

ನನಗೆ ಕಣ್ಣು ತುಂಬಿ ಬಂತು. ನನ್ನ ಜಾತಿಯ ಮನುಷ್ಯ!

"ಇಪ್ಪತ್ತೆಂಟ ವರ್ಷ ಚಿಮಣಿ ಕೆಳಗ ದುಡದೀನ್ರಿ ಸರ," ಎಂದರು ಭೀಮಣ್ಣ, ಪುಸ್ತಕ ಹೊರತೆಗೆಯುತ್ತ. "ದಿನಾ ತಲಿ ಎತ್ತಿ ನೋಡಿ ನಗ್ತಿದ್ದೆ. ಚಕ್ರಧರ ಅಲ್ಲಿಂದ ಬಿದ್ದು ಹೆಂಗ ಉಳದಾ ಅಂತ ನಿಮಗ ಗೊತ್ತದೇನು?"

"ಹೇಳಬ್ಯಾಡ್ರಿ!" ಎಂದು ಕಿವಿ ಮುಚ್ಚಿಕೊಂಡೆ. "ನಾನ ಓದಬೇಕು!"

"ಹೇಳಂಗಿಲ್ಲ ಬಿಡ್ರಿ. ಆದ್ರ ಕರಿಮುಖ ಯಾರಂತ ಗೊತ್ತಾದ್ರ ನೀವು ಮೂರು ದಿನ ನಿದ್ದಿ ಮಾಡಂಗಿಲ್ಲ!"

ಪುಸ್ತಕ ದೊಡ್ಡದು. ತೂಗಿದರೆ ಎರಡು ಕಿಲೋ. ಒಳಗೆಲ್ಲ ಕಪ್ಪು ಬಿಳುಪು ಚಿತ್ರ. ಒಂದು ಮೂಲೆ ಮಾತ್ರ ಸ್ವಲ್ಪ ಸವೆದಿತ್ತು. ಭೀಮಣ್ಣ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, "ಧೂಳ ಹತ್ತಬಾರದು ಸರ" ಎಂದು ಮನೆಯಲ್ಲಿದ್ದ ಹೊಸ ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟರು. ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಸಂತೋಷ ತಡೆಯಲಾಗಲಿಲ್ಲ. ಸ್ನೇಹಿತರ ಗುಂಪಿಗೆ ತಿಳಿಸೋಣವೆಂದು ಮೊಬೈಲ್ ತೆಗೆದು 'ಸಂ' ಎಂದು ಒತ್ತಿ, ಬಂದ ಹೆಸರಿನ ಮೇಲೆ ಬೆರಳಿಟ್ಟು, ಧ್ವನಿ ಸಂದೇಶದಲ್ಲಿ ಕೂಗಿದೆ:

"ಸಿಕ್ತು! ಇಷ್ಟು ವರ್ಷ ಹುಡುಕಿದ ಸಂಪುಟ ಸಿಕ್ತು! ದೇವದುರ್ಗದಾಗ! ಚಕ್ರಧರ ನನ್ನ ಕೈಯಾಗ ಇದ್ದಾನ!"

'ಸಂ' ಎಂದು ಒತ್ತಿದರೆ ನನ್ನ ಮೊಬೈಲಿನಲ್ಲಿ ಎರಡು ಗುಂಪು ಬರುತ್ತವೆ. ಒಂದು 'ಸಂಪುಟ ಸ್ನೇಹಿತರು'. ಇನ್ನೊಂದು 'ಸಂಬಂಧಿಕರು, ಮಾನ್ವಿ'. ನಾನು ಯಾವುದರ ಮೇಲೆ ಬೆರಳಿಟ್ಟೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ!

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ವೈಷ್ಣವರ ಮನೆಗಳಲ್ಲಿ ಸಂಪುಟ ಎಂದರೆ ಪುಸ್ತಕವಲ್ಲ. ಪೂಜೆಯ ಸಾಲಿಗ್ರಾಮಗಳನ್ನು ಇಡುವ ದೇವರ ಪೆಟ್ಟಿಗೆ. ಸಾಲಿಗ್ರಾಮವೆಂದರೆ ಕರಿ ಕಲ್ಲು. ಅದರ ಮೇಲೆ ಮೂಡಿದ ಸುರುಳಿ ಗೆರೆಗಳೇ ಚಕ್ರ. ನಮ್ಮ ಮಾವನವರ ಅಜ್ಜನ ಕಾಲದ ಸಂಪುಟ, ಅಣ್ಣತಮ್ಮಂದಿರು ಬೇರೆಯಾದಾಗ ದೇವದುರ್ಗದ ಅಣ್ಣನ ಪಾಲಿಗೆ ಹೋಗಿ, ಅಲ್ಲಿ ಮನೆ ಬದಲಿಸುವಾಗ ಕಾಣೆಯಾಗಿತ್ತು. ಅದರೊಳಗಿನ ಮುಖ್ಯ ಸಾಲಿಗ್ರಾಮವನ್ನು ಮನೆಯವರೆಲ್ಲ ಚಕ್ರಧರ ಎಂದೇ ಕರೆಯುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು! ಮದುವೆಯಾದಾಗಿನಿಂದ ಪ್ರತಿ ದೀಪಾವಳಿಗೆ ಕೇಳಿದ ಕತೆ. ಆದರೆ ಆ ದಿನ ನನ್ನ ತಲೆಯಲ್ಲಿ ಹಲ್ಲುಚಕ್ರ ಬಿಟ್ಟರೆ ಬೇರೇನೂ ತಿರುಗುತ್ತಿರಲಿಲ್ಲ.

ಐದೇ ನಿಮಿಷದಲ್ಲಿ ಫೋನು ಬಂತು. ಮಾವನವರದು.

"ಅಳಿಯಂದ್ರ, ಖರೇ ಏನು? ಸಂಪುಟ ಸಿಕ್ತಂತ?" ಧ್ವನಿ ನಡುಗುತ್ತಿತ್ತು.

ನನಗೆ ಆಗ ಹೊಳೆಯಿತು. ತಪ್ಪು ಗುಂಪಿಗೆ ಕಳಿಸಿದ್ದೇನೆ! ಆದರೆ ಮಾವನವರು ಬೈಯುತ್ತಿಲ್ಲ. ಸಂತೋಷಪಡುತ್ತಿದ್ದಾರೆ!

"ಖರೇನ ಮಾಮಾ. ಕೈಯಾಗ ಅದ!"

"ಚಕ್ರಧರ?"

"ಚಕ್ರಧರನ! ನಿಮಗೂ ಗೊತ್ತದೇನು?"

"ನನಗ ಗೊತ್ತಿಲ್ಲದ ಮತ್ಯಾರಿಗೆ ಗೊತ್ತಿರ್ತದ! ಸಣ್ಣಂವ ಇದ್ದಾಗ ದಿನಾ ನೋಡ್ತಿದ್ದೆ. ಚಕ್ರ ಸ್ಪಷ್ಟ ಕಾಣ್ತಾವ ಏನು?"

"ಎಲ್ಲಿ ನೋಡಿದ್ರೂ ಚಕ್ರ, ಮಾಮಾ!"

"ನಾರಾಯಣ! ಬಣ್ಣ?"

"ಕಪ್ಪು. ನಡುನಡುವ ಬಿಳಿ."

"ಅದ! ಅದ! ಒಡದಿಲ್ಲಲ್ಲ?"

"ಇಲ್ಲ ಇಲ್ಲ. ಒಂದು ಮೂಲಿ ಸವದದ, ಅಷ್ಟ."

"ಇಟ್ಟುಕೊಂಡಾಂವ ಶುದ್ಧ ಇಟ್ಟಿದ್ನೇನು?"

"ಕೈ ತೊಳಕೊಳ್ಳದ ಯಾರಿಗೂ ಮುಟ್ಟಗೊಡ್ತಿದ್ದಿಲ್ಲಂತ!"

"ಪುಣ್ಯಾತ್ಮ! ವಜನ ಎಷ್ಟದ?"

"ಎರಡು ಕಿಲೋ."

ಮಾವನವರು ಮೆಲ್ಲಗೆ, "ಎರಡು ಕಿಲೋ… ಕಾಲ ಕಳದಂಗ ಬೆಳೀತಾವ ಅಂತ ಕೇಳಿದ್ದೆ. ನೋಡಿದ್ದಿಲ್ಲ," ಎಂದರು.

"ಬೆಳೀಲೇಬೇಕು ಮಾಮಾ!" ಎಂದೆ ನಾನು. ಸಂಗ್ರಹ ಬೆಳೆಯದೆ ಇರುತ್ತದೆಯೆ?

"ರಾಯಚೂರಿಗೆ ಒಯ್ಯಬ್ಯಾಡ್ರಿ. ಸೀದಾ ಮಾನ್ವಿಗೆ ಬರ್ರಿ. ದಾರ್ಯಾಗ ನೆಲಕ್ಕ ಇಡಬ್ಯಾಡ್ರಿ. ಏನೂ ತಿನ್ನಬ್ಯಾಡ್ರಿ. ಎಂಜಲ ಕೈ ತಾಕಸಬ್ಯಾಡ್ರಿ. ಆಗೂದಿದ್ರ ತಲಿ ಮ್ಯಾಲ ಇಟ್ಕೊಂಡು ಬರ್ರಿ!"

ನಾನು ಬೆರಗಾದೆ. ಸಂಗ್ರಹಶಾಸ್ತ್ರದ ನಿಯಮಗಳೆಲ್ಲ ಮಾವನವರಿಗೆ ಬಾಯಿಪಾಠ! ಇಷ್ಟು ವರ್ಷ ಪೂಜೆ ಪುನಸ್ಕಾರದ ಮನುಷ್ಯ ಎಂದು ತಿಳಿದಿದ್ದೆ. ಒಳಗೊಳಗೆ ಕಾಮಿಕ್ಸ್ ಭಕ್ತ! ಇವರ ಬೆಂಬಲವಿದ್ದರೆ ವೈಜಯಂತಿಯ ಹೊಸ್ತಿಲ ಕಾನೂನು ತಾನಾಗಿಯೇ ರದ್ದು. ಸಿರವಾರದ ಬಸ್ಸು ಬಂತು. ಹಾರಿ ಹತ್ತಿದೆ.

ಬಸ್ಸು ತುಂಬಿತ್ತು. ನೆಲಕ್ಕೆ ಇಡಬಾರದಲ್ಲ, ಆದ್ದರಿಂದ ಕೆಂಪು ಗಂಟನ್ನು ತಲೆಯ ಮೇಲಿಟ್ಟುಕೊಂಡು ನಿಂತೆ. ಸೀಟಿನಲ್ಲಿದ್ದ ಒಬ್ಬ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಪ್ಪಾ, ತಲಿ ಮ್ಯಾಲ ಏನದು? ದೇವ್ರೇನು?"

"ನನಗಂತೂ ದೇವರೇ ಯವ್ವಾ," ಎಂದೆ ಸಂಭ್ರಮದಲ್ಲಿ.

ಅಷ್ಟೇ ಸಾಕಾಯಿತು! ಮುದುಕಿ ಎದ್ದು ನಿಂತು ಕೈಮುಗಿದಳು. "ದೇವ್ರ ಬಂದಾನ, ಸರೀರ್ಯೋ!" ಎಂದು ಕೂಗಿದಳು. ಮೂರು ಜನ ಎದ್ದು ಇಡೀ ಸೀಟು ಬಿಟ್ಟುಕೊಟ್ಟರು. ಹಿಂದಿನಿಂದ ಒಬ್ಬಾಕೆ ತನ್ನ ತಲೆಯ ಕನಕಾಂಬರ ತೆಗೆದು ಗಂಟಿನ ಮೇಲೆ ಇಟ್ಟಳು. ಕಂಡಕ್ಟರ್ ಚಪ್ಪಲಿ ಬಿಟ್ಟು ಬಂದು ಟಿಕೆಟ್ ಕೊಟ್ಟ. ಇಲ್ಲವೆನ್ನಲು ಬಾಯಿ ತೆರೆದೆ. ಆದರೆ ಸೀಟು ಕಿಟಕಿಯ ಪಕ್ಕದ್ದಾಗಿತ್ತು!

ಸಿರವಾರದಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನ ಎದುರು ಬಿಸಿ ಮಿರ್ಚಿ ಭಜಿ ಕರಿಯುತ್ತಿದ್ದರು. ಮುಂಜಾನೆಯಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆದರೂ ಎಣ್ಣೆಗೈ ಆಗುತ್ತದೆಂದು ಮೂಗು ಮುಚ್ಚಿಕೊಂಡು ನಿಂತೆ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದವನು ಬಿಸಿ ಮಿರ್ಚಿಗೆ ಬೆನ್ನು ತಿರುಗಿಸಿದ್ದಾನೆಂದರೆ ಅವನ ಭಕ್ತಿ ಎಂಥದೆಂದು ನೀವೇ ಊಹಿಸಬಹುದು.

ಮಾನ್ವಿಯಲ್ಲಿ ಮಾವನವರ ಓಣಿಗೆ ತಿರುಗಿದೆ. ತಿರುಗಿದವನು ನಿಂತೆ.

ಓಣಿಯ ತುಂಬ ರಂಗೋಲಿ! ಮನೆ ಬಾಗಿಲಿಗೆ ಮಾವಿನ ತೋರಣ. ಅತ್ತೆಯವರ ಕೈಯಲ್ಲಿ ಆರತಿ ತಟ್ಟೆ. ಅಕ್ಕಪಕ್ಕದವರೆಲ್ಲ ಪಟ್ಟೆ ಸೀರೆಯಲ್ಲಿ ನಿಂತಿದ್ದಾರೆ. ಯಾರೋ ನನ್ನ ತಲೆಯ ಮೇಲೆ ಛತ್ರಿ ಹಿಡಿದರು. ಯಾರೋ ಜಾಗಟೆ ಬಾರಿಸಿದರು. ಒಂದು ಕಾಮಿಕ್ಸ್ ಪುಸ್ತಕಕ್ಕೆ ಇಷ್ಟು ಗೌರವ! ನನ್ನ ಎದೆಯುಬ್ಬಿತು. ಸಾಹಿತ್ಯಕ್ಕೆ ಬೆಲೆ ಕೊಡುವ ಊರೆಂದರೆ ಮಾನ್ವಿ ಎಂದುಕೊಂಡೆ.

ವೈಜಯಂತಿ ಒಳಗಿನಿಂದ ಬಂದಳು. ಮುಂಜಾನೆಯಿಂದ ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳಂತೆ. ಮಡಿಯಲ್ಲಿ ಮೊಬೈಲ್ ಮುಟ್ಟುವಂತಿಲ್ಲ, ಹಾಗಾಗಿ ನನ್ನ ಕೂಗನ್ನು ಆಕೆ ಕೇಳಿಯೇ ಇರಲಿಲ್ಲ. ಅಪ್ಪ ಹೇಳಿದ್ದಷ್ಟೇ ಗೊತ್ತು. ಆಕೆಯ ಕಣ್ಣಲ್ಲಿ ನೀರು!

"ತರಬೇತಿ ಅಂತ ಸುಳ್ಳು ಹೇಳಿದ್ರಲ್ಲ! ಅಪ್ಪನ ಸಲುವಾಗಿ ನೀವೊಬ್ಬರೇ ಹುಡುಕಿಕೋತ ಹೋಗಿದ್ರೇನು?" ಎಂದಳು. "ನಾ ನಿಮ್ಮನ್ನ ಏನೇನೋ ಅಂದಿದ್ದೆ. ಹೊಟ್ಟ್ಯಾಗ ಹಾಕ್ಕೊಳ್ರಿ."

ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಅಪ್ಪನ ಸಲುವಾಗಿ? ಎಲ್ಲೋ ಒಂದು ಹಲ್ಲು ಕೂಡುತ್ತಿಲ್ಲ ಎಂದು ಆಗ ಮೊದಲ ಸಲ ಅನ್ನಿಸಿತು. ಆದರೆ ಹೆಂಡತಿ ಹೆಮ್ಮೆಯಿಂದ ನೋಡುವಾಗ ಯಾವ ಗಂಡ ವಿಚಾರಣೆ ಮಾಡುತ್ತಾನೆ?

ಒಳಗೆ ಕರೆದೊಯ್ದರು. ಅಂಗಳದ ತುಳಸಿ ಕಟ್ಟೆಯ ಮುಂದೆ ಮಣೆ, ಮಣೆಯ ಮೇಲೆ ದೊಡ್ಡ ತಾಮ್ರದ ಹರಿವಾಣ. ಪಕ್ಕದಲ್ಲಿ ಐದು ಬೆಳ್ಳಿ ಬಟ್ಟಲು. ಹಾಲು. ಮೊಸರು. ತುಪ್ಪ. ಜೇ‌ನುತುಪ್ಪ. ಸಕ್ಕರೆ. ಒಂದು ಕೊಡ ನೀರು. ಮಾವನವರು ಒದ್ದೆ ಪಂಚೆಯಲ್ಲಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಎರಡೂ ಕೈ ಚಾಚಿದರು.

"ಇಲ್ಲೆ ಇಡ್ರಿ, ಅಳಿಯಂದ್ರ."

"ಮಾಮಾ, ಈ ಹಾಲು ಮೊಸರು ಯಾರಿಗೆ?"

"ಮತ್ಯಾರಿಗೆ? ಚಕ್ರಧರಗ! ಮೂವತ್ತು ವರ್ಷದ ಮ್ಯಾಲ ಮನಿಗೆ ಬಂದಾನ. ಮೊದಲ ಪಂಚಾಮೃತ ಸುರೀತೀನಿ!"

ಸುರಿಯುತ್ತಾರೆ!

ಪುಸ್ತಕದ ಮೇಲೆ!

ಜೇನುತುಪ್ಪ!

ನನ್ನ ಬಾಯಿಂದ ಹೊರಟ ಸದ್ದು ಕನ್ನಡದ್ದೂ ಅಲ್ಲ, ಇಂಗ್ಲಿಷಿನದೂ ಅಲ್ಲ. ಗಂಟನ್ನು ಎದೆಗವಚಿಕೊಂಡು ಓಡಿದೆ. ಬಾಗಿಲಿಗೆ ಜನ ಅಡ್ಡ. ಆದ್ದರಿಂದ ತುಳಸಿ ಕಟ್ಟೆ ಸುತ್ತ ಓಡಿದೆ. ಹಾಲಿನ ಬಟ್ಟಲು ಹಿಡಿದು ಮಾವನವರು ಹಿಂದೆ!

"ಓಡಬ್ಯಾಡ್ರಿ! ಎಡವಿದ್ರ ಅಪಚಾರ ಆಗ್ತದ!"

"ಹಾಲು ಕೆಳಗಿಡ್ರಿ ಮಾಮಾ! ಹಾಳಾಗ್ತದ!"

"ಪಂಚಾಮೃತಕ್ಕ ಹಾಳಾಗ್ತದ? ಅಳಿಯಂದ್ರ, ನಿಮಗೇನು ತಲಿ ಕೆಟ್ಟದೇನು?"

"ಹನಿ ಬಿದ್ರ ಪುಟ ಅಂಟ್ತಾವ!"

ನೋಡುತ್ತಿದ್ದವರು ಇದೂ ಒಂದು ಶಾಸ್ತ್ರವೆಂದು ತಿಳಿದು ಜಾಗಟೆ ಜೋರು ಮಾಡಿದರು. ಇಬ್ಬರು ಹೆಂಗಸರು ನಮ್ಮ ಹಿಂದೆ ತಾವೂ ಪ್ರದಕ್ಷಿಣೆ ಹಾಕತೊಡಗಿದರು. ಮೂರನೆಯ ಸುತ್ತಿನಲ್ಲಿ ಮಾವನವರು ತಟ್ಟನೆ ನಿಂತರು.

"ಪುಟ?"

ಜಾಗಟೆ ನಿಂತಿತು. ನಾನು ಗಂಟು ಬಿಚ್ಚಿದೆ. ಕನಕಾಂಬರ ಉದುರಿತು. ಕೆಂಪು ವಸ್ತ್ರ ಸರಿಯಿತು. ಪ್ಲಾಸ್ಟಿಕ್ಕಿನ ಒಳಗಿನಿಂದ, ಬಿಗಿ ಚಡ್ಡಿ ತೊಟ್ಟು, ಮುಖವಾಡ ಹಾಕಿಕೊಂಡು, ಕೈಯಲ್ಲಿ ಸೈಕಲ್ಲಿನ ಹಲ್ಲುಚಕ್ರ ಎತ್ತಿದ ಚಕ್ರಧರ ಎಲ್ಲರನ್ನೂ ದುರುಗುಟ್ಟಿ ನೋಡಿದ.

ಮೊದಲು ನಕ್ಕವಳು ವೈಜಯಂತಿ. ನಕ್ಕಳು ಎನ್ನುವುದಕ್ಕಿಂತ ಕುಸಿದಳು. ಕಂಬ ಹಿಡಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು, "ಅಪ್ಪಾ… ಇವರ ಸಂಪುಟನ ಬ್ಯಾರೆ… ಇವರ ಚಕ್ರಧರನ ಬ್ಯಾರೆ…" ಎಂದು ಕಣ್ಣೀರು ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಹಿಂದೆ ಬಂದ ಹೆಮ್ಮೆಯ ಕಣ್ಣೀರಿನ ಜಾಗದಲ್ಲೇ ಇದೂ ಹರಿಯಿತು.

ಮಾವನವರು ನಗಲಿಲ್ಲ. ತುಳಸಿ ಕಟ್ಟೆಯ ಮೆಟ್ಟಿಲ ಮೇಲೆ ಕುಳಿತರು. ಹಾಲಿನ ಬಟ್ಟಲು ಇನ್ನೂ ಕೈಯಲ್ಲೇ ಇತ್ತು. "ದೇವದುರ್ಗ ಅಂತ ಯಾರರೆ ಅಂದ್ರ ಸಾಕು, ಈ ಹುಚ್ಚು ಮನಸ್ಸು ಎದ್ದು ಕೂಡ್ತದ," ಎಂದರು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಆ ವಯಸ್ಸಾದ ಮನುಷ್ಯನಿಗೆ ಇಂಥ ಆಸೆ ಹುಟ್ಟಿಸಿ ಮೋಸ ಮಾಡಿದೆನಲ್ಲ! ಅವರ ಕಾಲಿಗೆ ಬೀಳಬೇಕೆನಿಸಿತು. ಆದರೆ ಬೀಳಬೇಕಾದರೆ ಪುಸ್ತಕ ನೆಲಕ್ಕೆ ಇಡಬೇಕು. ಇಡಲಿಲ್ಲ!

"ತಪ್ಪಾತು ಮಾಮಾ," ಎಂದೆ ನಿಂತುಕೊಂಡೇ.

ಬಾಗಿಲಲ್ಲಿ ಓಣಿಯವರು ಕಾಯುತ್ತಿದ್ದರು. ಒಳಗೆ ಮೂವತ್ತು ಜನರಿಗೆ ಹಯಗ್ರೀವ, ಚಿತ್ರಾನ್ನ, ಹುಳಿ ಸಿದ್ಧವಾಗಿತ್ತು. ಮಾವನವರು ಅತ್ತ ನೋಡಿದರು, ಇತ್ತ ನೋಡಿದರು. ಕೊನೆಗೆ ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಇದರಾಗ ಏನದ?"

"ಕತಿ, ಮಾಮಾ."

"ಎಂಥಾ ಕತಿ?"

"ಒಬ್ಬಾಂವ ಇರ್ತಾನ… ದುಷ್ಟರನ್ನ ಬಡೀತಾನ, ಬಡವರನ್ನ ಕಾಯ್ತಾನ."

"ಕೈಯಾಗ?"

"ಚಕ್ರ."

"ಹ್ಞೂಂ." ಎದ್ದು ಪಂಚೆ ಸರಿಪಡಿಸಿಕೊಂಡರು. "ಮತ್ತ ನೀವು ಸುಳ್ಳೇನು ಹೇಳಿದಂಗಾತು?" ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು: "ದುರ್ಲಭ ಗ್ರಂಥ ಬಂದದ ನೋಡ್ರಿ, ದೇವದುರ್ಗದಿಂದ! ಆರತಿ ಮಾಡ್ರಿ!"

ಎಂಥ ದೊಡ್ಡ ಮನಸ್ಸು! ಅಳಿಯನ ಮಾನ ಉಳಿಯಿತು. ಚಕ್ರಧರನಿಗೆ ರೇಷ್ಮೆ ಶಲ್ಯ ಹೊದಿಸಿದರು. ಪುರಾಣ ಓದಲು ಇಡುವ ಮರದ ವ್ಯಾಸಪೀಠದ ಮೇಲೆ, ದೇವರ ಮನೆಯ ಬಾಗಿಲಲ್ಲೇ ಕೂರಿಸಿದರು. ಆರತಿಯಾಯಿತು. ಊಟವಾಯಿತು. ಹಯಗ್ರೀವ ಎರಡು ಸಲ ಹಾಕಿಸಿಕೊಂಡೆ. ಎಲ್ಲ ಸುಖವಾಗಿ ಮುಗಿಯಿತೆಂದು ಕೈ ತೊಳೆದು, ಒರೆಸಿಕೊಂಡು, ಪುಸ್ತಕಕ್ಕೆ ಕೈ ಚಾಚಿದೆ.

"ಕೈ ಹಿಂದ ತೊಗೊಳ್ರಿ!" ಮಾವನವರು ಗರ್ಜಿಸಿದರು. "ಮಡ್ಯಾಗ ಅದ!"

"ಮಾಮಾ, ಅದು ನಂದು…"

"ಆರತಿ ಮಾಡಿ ಒಳಗ ತೊಗೊಂಡದ್ದನ್ನ ಮೈಲಿಗ್ಯಾಗ ಹೊರಗ ಕೊಡಲಿಕ್ಕೆ ಬರ್ತದೇನು? ಓದೂದಿದ್ರ ತಣ್ಣೀರು ಸ್ನಾನ ಮಾಡ್ರಿ, ಮಡಿ ಉಟ್ಕೊಳ್ರಿ, ಬಂದು ಓದ್ರಿ. ಬ್ಯಾಡಂದವರ್ಯಾರು?"

ನಾನು ದೀನನಾಗಿ ವೈಜಯಂತಿಯನ್ನು ನೋಡಿದೆ. ಆಕೆ ಎಲೆ ತೆಗೆಯುತ್ತಿದ್ದಳು.

"ಕೈ ತೊಳಕೊಳ್ಳದ ಮುಟ್ಟಬ್ಯಾಡ ಅಂತ ಮನ್ಯಾಗ ನೀವ ಹೇಳ್ತಿದ್ರಲ್ಲ," ಎಂದಳು. "ಅಪ್ಪ ಸ್ವಲ್ಪ ಹೆಚ್ಚಿಗಿ ತೊಳಕೊಳ್ರಿ ಅಂತಾರ, ಅಷ್ಟ."

ಬರಿಗೈಯಲ್ಲಿ ರಾಯಚೂರಿಗೆ ಬಂದೆ. ಮೂವತ್ತೈದು ವರ್ಷ ಸಿಗದ ಪುಸ್ತಕ ಸಿಕ್ಕಿತ್ತು. ಮೊದಲ ಪುಟ ಕೂಡ ಓದಿರಲಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ಮಾನ್ವಿಗೆ ಹೋದೆ. ನಾಲ್ಕು ಕೊಡ ತಣ್ಣೀರು ಹೊಯ್ದುಕೊಂಡು, ಒದ್ದೆ ಪಂಚೆ ಉಟ್ಟು, ಎರಡೂ ಕೈ ಮೇಲೆತ್ತಿ ನಡೆದು ಬಂದೆ. ಅತ್ತೆಯವರು ಮುಖ ತಿರುಗಿಸಿ ನಕ್ಕರು. ವ್ಯಾಸಪೀಠದ ಮುಂದೆ ಕುಳಿತಾಗ ಹೊಸ ಸಂಕಟ ಎದುರಾಯಿತು. ಮಡಿಯ ನಿಯಮದಂತೆ ನಾನು ಒದ್ದೆ ಇರಬೇಕು. ಸಂಗ್ರಹದ ನಿಯಮದಂತೆ ಪುಸ್ತಕಕ್ಕೆ ಹನಿ ತಾಕಬಾರದು! ಎರಡು ಶಾಸ್ತ್ರಗಳ ನಡುವೆ ಕುಳಿತು ನಡುಗಿದೆ. ಕೊನೆಗೆ, ಒಣ ರೇಷ್ಮೆ ಮಡಿ ಉಟ್ಟಿದ್ದ ಮಾವನವರು ಹಾಳೆ ತಿರುವುವುದು, ನಾನು ಒಂದು ಮೊಳ ದೂರದಿಂದ ಇಣುಕುವುದು ಎಂದು ಒಪ್ಪಂದವಾಯಿತು.

ಮಾವನವರು ಭೂತಗನ್ನಡಿ ಹಿಡಿದು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಹೊಡೆದಾಟದ ಚಿತ್ರಗಳಲ್ಲಿ ದೊಡ್ಡಕ್ಷರದಲ್ಲಿ ಬರೆದಿರುತ್ತದಲ್ಲ, 'ಢಮಾರ್', 'ಠಣ್ ಠಣ್', 'ಆಆಆ', ಅವನ್ನೂ ಸ್ವರ ಸಹಿತ! 'ಢಮಾರ್' ಎಂಬುದನ್ನು ಅಷ್ಟು ಶುದ್ಧ ಮಹಾಪ್ರಾಣದಲ್ಲಿ ನಾನು ಎಂದೂ ಕೇಳಿರಲಿಲ್ಲ. ಒಂದು ಅಧ್ಯಾಯ ಮುಗಿಯಿತು. ಚಕ್ರಧರ ಇನ್ನೂ ಬೀಳುತ್ತಲೇ ಇದ್ದ.

"ಮುಂದ?" ಎಂದೆ ಹಲ್ಲು ಕಡಿಯುತ್ತ.

"ದಿನಕ್ಕ ಒಂದ ಅಧ್ಯಾಯ," ಎಂದು ಶಲ್ಯ ಮುಚ್ಚಿದರು. "ಗ್ರಂಥ ಪಾರಾಯಣಕ್ಕ ಒಂದು ಶಿಸ್ತು ಬೇಕು."

ಇದರಲ್ಲಿದ್ದ ಲೆಕ್ಕ ನನಗೆ, ಗಣಿತದ ಮಾಸ್ತರನಿಗೆ, ತಡವಾಗಿ ಹೊಳೆಯಿತು. ನಾನು ಬರುವುದು ವಾರಕ್ಕೊಮ್ಮೆ. ಅವರು ಓದುವುದು ದಿನಾ!

ಎರಡನೆಯ ರವಿವಾರ ಹೋದಾಗ ಮಾವನವರು ಬಾಗಿಲಲ್ಲೇ ಚಡಪಡಿಸುತ್ತಿದ್ದರು. ಓಣಿಯ ಮೂವರು ಹಿರಿಯರು ಪಾರಾಯಣ ಕೇಳಲು ಮಡಿಯುಟ್ಟು ಬಂದಿದ್ದರು. ಕರಿಮುಖ ಯಾರೆಂಬುದರ ಬಗ್ಗೆ ಅವರೊಳಗೆ ವಾದ ನಡೆದಿತ್ತು. ನನ್ನ ಫೌಜದಾರನ ಸಿದ್ಧಾಂತ ಹೇಳಿದೆ. ಅವರು ಕನಿಕರದಿಂದ ನೋಡಿದರು.

ಮೂರನೆಯ ರವಿವಾರ, ಅಂದರೆ ಮೊನ್ನೆ, ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಅಂಗಳಕ್ಕೆ ಕಾಲಿಟ್ಟೆ. ಮಾವನವರು ತೂಗುಮಣೆಯ ಮೇಲೆ ತೂಗುತ್ತಿದ್ದರು, ಎದುರಿಗೇ ವ್ಯಾಸಪೀಠದ ಮೇಲೆ ಪುಸ್ತಕ. ಮುಖದಲ್ಲಿ ಹಬ್ಬ.

"ನಿನ್ನೆ ಮಂಗಳ ಮಾಡಿದೆ, ಅಳಿಯಂದ್ರ. ಪೂರ್ತಿ ಆತು!"

ನನಗೆ ಅಪಾಯದ ವಾಸನೆ ಬಡಿಯಿತು. "ಸಂತೋಷ ಮಾಮಾ. ಆದ್ರ ಏನೂ ಹೇಳಬ್ಯಾಡ್ರಿ. ಕೈಮುಗೀತೀನಿ. ನಾನ ಓದ್ತೀನಿ."

"ಹೇಳೂದಿಲ್ಲ, ಹೇಳೂದಿಲ್ಲ." ಎರಡು ಸಲ ತೂಗಿದರು. ಮೂರನೆಯ ಸಲ ತಡೆಯಲಾಗಲಿಲ್ಲ. "ಆದ್ರ ಆ ಕರಿಮುಖ ಅದಾನಲ್ಲ…"

"ಮಾಮಾ! ಬ್ಯಾಡ್ರಿ!" ಒದ್ದೆ ಕೈಯಿಂದ ಕಿವಿ ಮುಚ್ಚಿಕೊಂಡೆ.

"ಅವ ಚಕ್ರಧರನ ಮಾವ!"

ಮೂವತ್ತೈದು ವರ್ಷ! ಮೂವತ್ತೈದು ವರ್ಷದ ಗುಟ್ಟು ತೂಗುಮಣೆಯ ಮೇಲೆ ಕಾಲು ಸೆಕೆಂಡಿನಲ್ಲಿ ಹೋಯಿತು.

"ಅಳಿಯ ಆಗಾಂವ ಎಂಥಾಂವ ಅಂತ ನೋಡಲಿಕ್ಕೆ ತಾನೇ ಮುಖವಾಡ ಹಾಕ್ಕೊಂಡಿರ್ತಾನ!" ಮಾವನವರು ತೊಡೆ ತಟ್ಟಿ ನಕ್ಕರು. "ಚಿಮಣಿ ಕೆಳಗ ಮೊದಲ ಹತ್ತಿ ಗಾಡಿ ನಿಲ್ಲಿಸಿರ್ತಾನ. ಅಳಿಯ ಬಿದ್ದದ್ದು ಹತ್ತಿ ಮ್ಯಾಲ! ಬಿದ್ದಾಂವಗ ಏನೂ ಗೊತ್ತಿಲ್ಲ, ಮಾವಗ ಎಲ್ಲಾ ಗೊತ್ತು!"

ನಾನು ಏನೋ ಹೇಳಲು ಬಾಯಿ ತೆರೆದೆ. ಬಂದದ್ದು ಸೀನು. ಮೂರು ರವಿವಾರದ ತಣ್ಣೀರು ಒಟ್ಟಿಗೆ ಹೊರಗೆ ಬಂದಂಥ ಸೀನು!

"ಗ್ರಂಥದ ಮುಂದ ಸೀನಿದಿರಿ?" ಮಾವನವರು ಎದ್ದು ನಿಂತರು. "ಅದು ಯಾವ ಶಾಸ್ತ್ರದಾಗೂ ಕೂಡೂದಿಲ್ಲ!"

"ಅದು ಇವರದ ಶಾಸ್ತ್ರ, ಅಪ್ಪಾ!" ವೈಜಯಂತಿ ಅಡುಗೆಮನೆಯಿಂದ ಕೂಗಿದಳು. "ಮನ್ಯಾಗ ಬರದು ಹಚ್ಚ್ಯಾರ!"

"ಹಂಗಾದ್ರ ಹೋಗ್ರಿ, ಮತ್ತ ಸ್ನಾನ ಮಾಡ್ಕೊಂಡು ಬರ್ರಿ."

ಬಚ್ಚಲಿಗೆ ನಡೆದೆ. ತಣ್ಣೀರಿನ ತಂಬಿಗೆ ಎತ್ತಿದಾಗ ಹೊರಗಿನಿಂದ ಮಾವನವರ ಧ್ವನಿ ಕೇಳಿಸಿತು.

"ಅಳಿಯಂದ್ರ! ಮೂರನೇ ಸಂಪುಟ ನಿಮ್ಮ ಕಡೆ ಅದಂತಲ್ಲ? ಬರೂ ರವಿವಾರ ತಲಿ ಮ್ಯಾಲ ಇಟ್ಕೊಂಡು ಬರ್ರಿ!"

"ಒಂದನೇದೂ ತರ್ತಾರ ಅಪ್ಪಾ!" ಎಂದಳು ವೈಜಯಂತಿ. "ಕಪಾಟ ಖಾಲಿ ಆಗ್ಲಿ!"

ಮೊನ್ನೆ ರಾಯಚೂರಿಗೆ ಬಂದ ಮೇಲೆ ನೋಡುತ್ತೇನೆ, ಆಕೆ ಟೇಪು ಹಿಡಿದು ನನ್ನ ಮೂರನೆಯ ಕಪಾಟು ಅಳೆಯುತ್ತಿದ್ದಳು. ಒಂದು ಖಾನೆಯಲ್ಲಿ ಎಷ್ಟು ಉಪ್ಪಿನಕಾಯಿ ಭರಣಿ ಹಿಡಿಯುತ್ತವೆ ಎಂದು ಕೇಳಿದಳು. ಗಣಿತದ ಮಾಸ್ತರನಲ್ಲವೆ? ಲೆಕ್ಕ ಮಾಡಿ ಹೇಳಿದೆ. ಆರು.